ಊರಿಗೆ ಹಿಂದಿರುಗುವ ದಿನವನ್ನು ನಿರ್ಧರಿಸಬೇಕಾದವರು ಯಾರು?

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ವೈದ್ಯ ಮಹನೀಯರು ಬರೆಯುವುದು ವಾಡಿಕೆ. ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮುಂಬಯಿಯ ಬ್ಯಾಂಕೊಂದರಲ್ಲಿ ಜಮಾ-ಖರ್ಚುಗಳ ನಡುವೆ ಕಾಲ ಕಳೆದವನು. ಆದರೂ ಸಂಪಾದಕರಲ್ಲಿ ನಾನಾಗಿಯೇ ಈ ಪುಟಗಳನ್ನು ಕೇಳಿ ಪಡೆದೆ. ಸ್ತನದ ಕ್ಯಾನ್ಸರು, ಅದರ ಲಕ್ಷಣ, ಅದರ ಶಸ್ತ್ರಚಿಕಿತ್ಸೆ ಇವುಗಳನ್ನು ಕುರಿತು ಬಲ್ಲವರು ಬರೆದ ಲೇಖನಗಳು ಸಾಕಷ್ಟಿವೆ. ಆದರೆ ರೋಗಿಯು ನೂರಾರು ಮೈಲಿ ದೂರದಿಂದ ಬಂದು, ಎದೆಯ ಮೇಲೆ ಹೊಲಿಗೆ ಹೊತ್ತು, ಮತ್ತೆ ಅಷ್ಟೇ ದೂರ ಹಿಂದಿರುಗಬೇಕಾದಾಗ ಆ ಪ್ರಯಾಣವನ್ನು ಹೇಗೆ ಗೊತ್ತುಪಡಿಸಬೇಕೆಂಬುದನ್ನು ಯಾರೂ ಬರೆದಂತಿಲ್ಲ. ಅದು ಮನೆಯವರ ಪಾಲಿನ ಕೆಲಸವೆಂದು ಎಲ್ಲರೂ ಭಾವಿಸಿರುವಂತಿದೆ. ಆ ಪಾಲಿನ ಕೆಲಸವನ್ನು ನಾನು ಒಮ್ಮೆ ಮಾಡಿದೆ, ಬಹಳ ಕೆಟ್ಟದಾಗಿ ಮಾಡಿದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ಅಕ್ಕನ ಅನುಮತಿ ಪಡೆದೇ ಬರೆಯುತ್ತಿದ್ದೇನೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

2022ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕುಂದಾಪುರದ ಬಳಿಯ ನಮ್ಮ ಊರಿನಲ್ಲಿರುವ ಅಕ್ಕನಿಗೆ ಎಡ ಎದೆಯಲ್ಲಿ ಗಂಟೊಂದು ಕಾಣಿಸಿತು. ಪರೀಕ್ಷೆಗಳಾದವು, ಕ್ಯಾನ್ಸರೆಂದು ತಿಳಿಯಿತು. ಮಣಿಪಾಲ, ಮಂಗಳೂರುಗಳು ಹತ್ತಿರದಲ್ಲೇ ಇದ್ದರೂ "ಮುಂಬಯಿಯಲ್ಲಿ ತಮ್ಮನಿದ್ದಾನೆ" ಎಂಬ ಒಂದೇ ಮಾತಿನಿಂದ ಶಸ್ತ್ರಚಿಕಿತ್ಸೆ ಮುಂಬಯಿಯಲ್ಲೇ ಎಂದು ನಿಶ್ಚಯವಾಯಿತು. ಇದು ನಮ್ಮ ಕರಾವಳಿಯವರಿಗೆ ಅಭ್ಯಾಸವಾಗಿಬಿಟ್ಟ ಯೋಚನೆ. ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ನಮ್ಮ ಹಿರಿಯರಿಗೆ ಬೇರೆ ದಾರಿ ಇರಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಇಂದು ಪರಿಸ್ಥಿತಿ ಹಾಗಿಲ್ಲ. ಆದರೂ ರೋಗ ದೊಡ್ಡದಾದರೆ ಊರೂ ದೊಡ್ಡದಿರಬೇಕೆಂಬ ಭಾವನೆ ನಮ್ಮನ್ನು ಬಿಟ್ಟಿಲ್ಲ. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಅಕ್ಕನ ಚಿಕಿತ್ಸೆ ನಡೆದದ್ದು ನಗರದ ಬೇರೊಂದು ಆಸ್ಪತ್ರೆಯಲ್ಲಿ. ಅಲ್ಲಿನ ವೈದ್ಯರ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ.

ಡಿಸೆಂಬರ್ 5ರ ಸೋಮವಾರ ಶಸ್ತ್ರಚಿಕಿತ್ಸೆ. ದಿನ ಗೊತ್ತಾದೊಡನೆ ನಾನು ಬ್ಯಾಂಕಿನ ಪದ್ಧತಿಯಂತೆ ಕಾಗದವೊಂದನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ರಜೆ 18ರವರೆಗೆ. ಡಿಸೆಂಬರ್ ಅಂತ್ಯದ ಲೆಕ್ಕ ಮುಗಿಸುವ ಕೆಲಸಕ್ಕೆ 19ರಂದು ಹಾಜರಾಗಲೇಬೇಕು. ಅತ್ತ ಊರಿನಲ್ಲಿ ಭಾವನ ಮನೆಯವರ ಹರಕೆಯ ಬಯಲಾಟ 18ರಂದು. ಮಂದಾರ್ತಿಯಂಥ ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಸರದಿ ಕಾಯಬೇಕೆಂಬುದು ನಮ್ಮ ಕಡೆಯವರೆಲ್ಲರಿಗೂ ತಿಳಿದ ಸಂಗತಿ. ಕೈಗೆ ಬಂದ ಸರದಿಯನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಹೀಗಾಗಿ 16ರ ಶುಕ್ರವಾರ ಕುರ್ಲಾ ಟರ್ಮಿನಸ್ಸಿನಿಂದ ಹೊರಡುವ ರೈಲಿಗೆ ಎರಡು ಟಿಕೇಟುಗಳನ್ನು ತೆಗೆಸಿದೆ. ಶಸ್ತ್ರಚಿಕಿತ್ಸೆಯಾಗಿ ಹನ್ನೊಂದನೆಯ ದಿನ. ಹನ್ನೊಂದು ದಿನಗಳು ಧಾರಾಳವಾದುವೆಂದೇ ನನಗೆ ತೋರಿತ್ತು. ಈ ಲೆಕ್ಕದ ಕಾಗದದಲ್ಲಿ ನನ್ನ ರಜೆಯಿತ್ತು, ಬ್ಯಾಂಕಿನ ಲೆಕ್ಕವಿತ್ತು, ಭಾವನ ಹರಕೆಯಿತ್ತು. ಅಕ್ಕನ ಗಾಯ ಮಾತ್ರ ಎಲ್ಲಿಯೂ ಇರಲಿಲ್ಲ.

ಟಿಕೇಟನ್ನು ಅಷ್ಟು ಮುಂಚಿತವಾಗಿ ತೆಗೆಸಲು ಇನ್ನೊಂದು ಕಾರಣವೂ ಇತ್ತು. ವಾಚಕರಲ್ಲಿ ಅನೇಕರು ಇದೇ ಬಲೆಯಲ್ಲಿ ಬೀಳುವ ಸಂಭವವಿರುವುದರಿಂದ ವಿವರಿಸುತ್ತೇನೆ. ಚಿಕಿತ್ಸೆಗಾಗಿ ಅಥವಾ ತಪಾಸಣೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯವರು ಉದಾರವಾದ ರಿಯಾಯಿತಿ ಕೊಡುತ್ತಾರೆ. ಸ್ಲೀಪರ್ ಹಾಗೂ ಹವಾನಿಯಂತ್ರಿತ ಮೂರನೆಯ ದರ್ಜೆಯಲ್ಲಿ ರೋಗಿಗೆ ಮೂಲ ದರದ ಪೂರ್ಣ ವಿನಾಯಿತಿಯಿದೆ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75. ಹವಾನಿಯಂತ್ರಿತ ಎರಡನೆಯ ದರ್ಜೆಯಲ್ಲಿ ಇಬ್ಬರಿಗೂ ಶೇಕಡಾ 50. ಆಸ್ಪತ್ರೆಯ ವೈದ್ಯರು ಗೊತ್ತಾದ ನಮೂನೆಯಲ್ಲಿ ಸಹಿ ಮೊಹರು ಹಾಕಿ ಕೊಟ್ಟ ಪತ್ರವನ್ನು ಕೌಂಟರಿನಲ್ಲಿ ಹಾಜರುಪಡಿಸಬೇಕು. ಆದರೆ ತತ್ಕಾಲ್ ಟಿಕೇಟಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಆದುದರಿಂದ ರಿಯಾಯಿತಿ ಬೇಕೆನ್ನುವವರು ಹಿಂದಿರುಗುವ ದಿನವನ್ನೂ ವಾರಗಳ ಮೊದಲೇ ಗೊತ್ತುಮಾಡಲು ಹೊರಡುತ್ತಾರೆ. ಟಿಕೇಟು ಕೈಗೆ ಬಂದ ಮೇಲೆ ಅದು ಬರಿಯ ಟಿಕೇಟಾಗಿ ಉಳಿಯುವುದಿಲ್ಲ, ಮನೆಯವರಿಗೆಲ್ಲ ಆಜ್ಞಾಪತ್ರವಾಗಿಬಿಡುತ್ತದೆ. ವೈದ್ಯರು "ಇನ್ನೊಂದು ವಾರ ನೋಡೋಣ" ಎಂದರೆ "ಟಿಕೇಟಾಗಿದೆಯಲ್ಲ ಡಾಕ್ಟರೇ" ಎಂಬ ಉತ್ತರ ತಾನಾಗಿಯೇ ಬಾಯಿಗೆ ಬರುತ್ತದೆ. ನಾನು ಹೇಳಿದ್ದೂ ಅದನ್ನೇ.

ಈ ಶಸ್ತ್ರಚಿಕಿತ್ಸೆಯಲ್ಲಿ, ಅದರಲ್ಲಿಯೂ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಗಾಯದೊಳಗೆ ದ್ರವ ಶೇಖರವಾಗುತ್ತದೆ. ಅದನ್ನು ಹೊರಗೆ ತರಲು ತೆಳ್ಳನೆಯ ನಳಿಕೆಯೊಂದನ್ನು ಇಟ್ಟು ಅದರ ತುದಿಗೆ ಪ್ಲಾಸ್ಟಿಕ್ ಬಾಟಲಿ ಜೋಡಿಸುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಡ್ರೇನ್ ಎಂದೇ ಕರೆಯುತ್ತಾರೆ. ರೋಗಿಯನ್ನು ಮೂರು-ನಾಲ್ಕು ದಿನಗಳಲ್ಲಿ ಮನೆಗೆ ಕಳುಹಿಸಿದರೂ ಡ್ರೇನ್ ಇದ್ದೇ ಇರುತ್ತದೆ. ದಿನಕ್ಕೆಷ್ಟು ಮಿಲಿಲೀಟರ್ ಬಂತೆಂಬುದನ್ನು ಮನೆಯಲ್ಲಿಯೇ ಅಳೆದು ಬರೆದಿಡಬೇಕು. ದಿನದ ಮೊತ್ತ ಸುಮಾರು 30 ಮಿಲಿಲೀಟರಿಗಿಂತ ಕೆಳಗಿಳಿದ ಮೇಲೆ ಅದನ್ನು ತೆಗೆಯುವುದು ಸಾಮಾನ್ಯ ಪದ್ಧತಿ. ಇದಕ್ಕೆ ಒಂದು ವಾರ ಸಾಕಾದೀತು, ಎರಡು ವಾರ ಹಿಡಿದೀತು, ಕೆಲವರಿಗೆ ಇನ್ನೂ ಹೆಚ್ಚಾದೀತು. ಇದು ಬಡ್ಡಿಯಂತೆ ಮುಂಚಿತವಾಗಿ ಲೆಕ್ಕ ಹಾಕುವಂಥದ್ದಲ್ಲ. ತೆಗೆದ ಬಳಿಕವೂ ಒಮ್ಮೊಮ್ಮೆ ನೀರು ತುಂಬಿ ಊದಿಕೊಳ್ಳುವುದುಂಟು. ಆಗ ಆಸ್ಪತ್ರೆಗೆ ಹೋಗಿ ಸೂಜಿಯಿಂದ ತೆಗೆಸಬೇಕಾಗಬಹುದು.

ಅಕ್ಕನಿಗೆ 15ರಂದು ಕೂಡ 60 ಮಿಲಿಲೀಟರ್ ಬರುತ್ತಿತ್ತು. ತೆಗೆದ ಗಂಟಿನ ಪರೀಕ್ಷಾ ವರದಿಯೂ ಬಂದಿರಲಿಲ್ಲ. ವೈದ್ಯರು ಇನ್ನೂ ಒಂದು ವಾರ ಉಳಿದರೆ ಒಳ್ಳೆಯದೆಂದು ಸ್ಪಷ್ಟವಾಗಿಯೇ ಹೇಳಿದರು. ನಾನು ಟಿಕೇಟಿನ ಮಾತೆತ್ತಿದೆ. ಡ್ರೇನನ್ನು ಊರಿನಲ್ಲೇ ತೆಗೆಸಿಕೊಳ್ಳುತ್ತೇವೆ, ವರದಿಯನ್ನು ನಾನೇ ಪಡೆದು ಕಳುಹಿಸುತ್ತೇನೆ ಎಂದು ವಾದಿಸಿ ಒಪ್ಪಿಗೆ ತೆಗೆದುಕೊಂಡೆ. ಅಕ್ಕ ಪಕ್ಕದಲ್ಲೇ ಕುಳಿತಿದ್ದಳು. ಅವಳನ್ನು ನಾನೂ ಕೇಳಲಿಲ್ಲ, ಅವಳೂ ಮಾತನಾಡಲಿಲ್ಲ.

ರೈಲು ಮಧ್ಯಾಹ್ನ ಹೊರಟು ಮರುದಿನ ಬೆಳಗಿನ ಜಾವ ಕುಂದಾಪುರ ಮುಟ್ಟುತ್ತದೆ. ಅಕ್ಕನಿಗೆ ಕೆಳಗಿನ ಬರ್ತು, ನನಗೆ ಎದುರಿನದು. ಬಾಟಲಿಯನ್ನು ಬಟ್ಟೆಯ ಚೀಲವೊಂದರಲ್ಲಿಟ್ಟು ಸೆರಗಿನ ಒಳಗೆ ಹೆಗಲಿಗೆ ತೂಗುಹಾಕಿಕೊಂಡಿದ್ದಳು. ರಾತ್ರಿ ಚಿಪ್ಳೂಣ ದಾಟಿದ ಮೇಲೆ ಬಾಟಲಿ ಬರಿದು ಮಾಡಲೆಂದು ಶೌಚಾಲಯಕ್ಕೆ ಹೋದಳು. ಅಲ್ಲಾಡುವ ಗಾಡಿಯಲ್ಲಿ ಒಂದೇ ಕೈಯಿಂದ ಮಾಡಬೇಕಾದ ಕೆಲಸ. ನಳಿಕೆಯ ಜೋಡಣೆ ಸಡಿಲವಾಯಿತು, ಸರಿಯಾಗಿ ಕೂಡಿಸಲು ಆಗಲಿಲ್ಲ. ಹಿಂದಿರುಗಿ ಬಂದು ಮಲಗಲಾರದೆ, ಎದೆಗೆ ಪಂಚೆಯೊಂದನ್ನು ಒತ್ತಿಕೊಂಡು ಬೆಳಗಿನವರೆಗೆ ಕುಳಿತೇ ಇದ್ದಳು. ಎದುರಿಗೆ ನಾನು ಸುಖವಾಗಿ ನಿದ್ರಿಸಿದ್ದೆ.

ನಿಲ್ದಾಣದಲ್ಲಿ ಇಳಿದಾಗ ಬೆಳಕಿನಲ್ಲಿ ನೋಡಿದೆ. ರವಕೆ, ಸೆರಗು ಎಲ್ಲ ಒದ್ದೆ. "ರಾತ್ರಿಯೇ ನನ್ನನ್ನು ಏಕೆ ಎಬ್ಬಿಸಲಿಲ್ಲ?" ಎಂದು ಕೇಳಿದೆ. ಸ್ವಲ್ಪ ರೇಗಿಯೇ ಕೇಳಿದೆನೆಂದು ನೆನಪು.

"ನಿನ್ನ ಹತ್ತಿರ ಏನೆಂದು ಹೇಳಲಿ ತಮ್ಮಾ? ರವಕೆ ಬಿಚ್ಚಿ ತೋರಿಸುವುದಕ್ಕೆ ಆಗುತ್ತದೆಯೇ?" ಎಂದಳು.

ಮೂರನೆಯ ದಿನ ಜ್ವರ ಬಂತು. ಗಾಯ ಕೀವಾಗಿತ್ತು. ಊರಿನ ಸಮೀಪದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ, ಹೊಲಿಗೆಯ ಒಂದು ಭಾಗವನ್ನು ಮತ್ತೆ ಬಿಡಿಸಿಕೊಂಡು, ಅದು ಮಾಯುವಷ್ಟರಲ್ಲಿ ಜನವರಿ ಕಳೆಯಿತು. ಅಷ್ಟರಲ್ಲಿ ವರದಿ ಬಂದು ಕೀಮೋಥೆರಪಿ ಬೇಕೆಂದು ತಿಳಿದಿತ್ತು. ಶಸ್ತ್ರಚಿಕಿತ್ಸೆಯಾದ ನಾಲ್ಕರಿಂದ ಆರು ವಾರಗಳಲ್ಲಿ ಅದನ್ನು ಆರಂಭಿಸುವುದು ವಾಡಿಕೆ. ಗಾಯ ಮಾಯದೆ ಆರಂಭಿಸುವಂತಿಲ್ಲವಾದುದರಿಂದ ಅವಳಿಗೆ ಆರಂಭವಾದದ್ದು ಹತ್ತನೆಯ ವಾರದಲ್ಲಿ. ಹರಕೆಯ ಆಟವನ್ನು ಅವಳು ನೋಡಲೂ ಇಲ್ಲ.

ನನ್ನ ಮೊದಲ ಅಭಿಪ್ರಾಯ ಇಲ್ಲಿಂದ ಹುಟ್ಟಿದ್ದು. ರೋಗಿಯೊಡನೆ ಹೋಗುವವರು ಅವಳು ಗಾಯವನ್ನು ತೋರಿಸಬಲ್ಲವರಾಗಿರಬೇಕು. ನಮ್ಮಲ್ಲಿ ಪ್ರಯಾಣವೆಂದರೆ ಹೊರಗಿನ ಕೆಲಸ, ಹೊರಗಿನ ಕೆಲಸವೆಂದರೆ ಗಂಡಸು. ರಿಯಾಯಿತಿಯೂ ಒಬ್ಬ ಜೊತೆಗಾರರಿಗಷ್ಟೇ ದೊರೆಯುವುದರಿಂದ ಆ ಒಂದು ಸ್ಥಾನ ತಮ್ಮನಿಗೋ ಮಗನಿಗೋ ಹೋಗುತ್ತದೆ. ಟಿಕೇಟು ಪರೀಕ್ಷಕರೊಡನೆ ಮಾತನಾಡುವುದಕ್ಕೂ ಪೆಟ್ಟಿಗೆ ಎತ್ತುವುದಕ್ಕೂ ಅವನು ಸರಿ. ಆದರೆ ರಾತ್ರಿ ಎರಡು ಗಂಟೆಗೆ ನಳಿಕೆ ಕಳಚಿದರೆ? ಗಂಡ ಬರುವಂತಿದ್ದರೆ ಬೇರೆ ಮಾತು. ನಮ್ಮ ಭಾವನಿಗೆ ದನಕರು, ಕೊಯ್ಲು ಎಂದು ಹೊರಡಲು ಆಗಿರಲಿಲ್ಲ. ನನ್ನ ಪತ್ನಿ ಬರಲು ಸಿದ್ಧಳಿದ್ದಳು. ಮಕ್ಕಳ ಶಾಲೆಯ ನೆಪ ಹೇಳಿ ಬೇಡವೆಂದವನು ನಾನೇ. ಮೂರನೆಯ ಟಿಕೇಟಿಗೆ ಪೂರ್ಣ ದರ ತೆತ್ತಿದ್ದರೂ ಆಸ್ಪತ್ರೆಯ ಒಂಬತ್ತು ದಿನಗಳ ಖರ್ಚಿನ ಮುಂದೆ ಅದು ಲೆಕ್ಕಕ್ಕೆ ಬರುವ ಮೊತ್ತವಾಗಿರಲಿಲ್ಲ.

ಎರಡನೆಯದು, ಬರುವ ಟಿಕೇಟನ್ನು ತೆಗೆಸಿರಿ, ಹೋಗುವ ಟಿಕೇಟನ್ನು ವರದಿ ಬರುವವರೆಗೆ ತೆಗೆಸಬೇಡಿರಿ. ಒಂದು ವಾರದಿಂದ ಎರಡು ವಾರಗಳಲ್ಲಿ ಬರುವ ಆ ವರದಿಯನ್ನು ನಾವು ಬರಿಯ ಕಾಗದವೆಂದು ತಿಳಿಯುತ್ತೇವೆ. ವಾಸ್ತವವಾಗಿ ಮುಂದಿನ ಚಿಕಿತ್ಸೆಯೆಲ್ಲ ಅದರಲ್ಲಿಯೇ ಅಡಗಿದೆ. ತೆಗೆದ ಭಾಗದ ಅಂಚಿನಲ್ಲಿ ರೋಗದ ಕಣಗಳು ಉಳಿದಿದ್ದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಗ್ರಂಥಿಗಳಲ್ಲಿ ರೋಗವಿದೆಯೇ, ಹಾರ್ಮೋನಿನ ಮಾತ್ರೆಗಳು ಉಪಯೋಗವಾದಾವೇ, ಕೀಮೋಥೆರಪಿ ಬೇಕೇ, ವಿಕಿರಣ ಬೇಕೇ ಎಂಬುದೆಲ್ಲ ಅದರಿಂದಲೇ ತಿಳಿಯಬೇಕು. ಅದು ಕೈಗೆ ಬಂದ ದಿನ ವೈದ್ಯರ ಎದುರಿಗೆ ರೋಗಿಯೇ ಇರಬೇಕು. ಕೊಂಕಣ ರೈಲ್ವೆಯ ದಾರಿಯಲ್ಲಿ ಎಲ್ಲೋ ಇರಬಾರದು. ಮೊದಲೇ ಟಿಕೇಟು ತೆಗೆಸಿದ್ದರೂ ರದ್ದುಮಾಡಲು ಹಿಂಜರಿಯಬಾರದು. ಹೋಗುವುದು ಕೆಲವು ನೂರು ರೂಪಾಯಿ. 2024ರ ನವೆಂಬರ್ 1ರಿಂದ ಮುಂಗಡವಾಗಿ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿರುವುದು ನಮ್ಮಂಥವರಿಗೆ ಒಂದು ರೀತಿಯಲ್ಲಿ ಉಪಕಾರವೇ. ತೀರ ಮೊದಲೇ ದಿನ ಗೊತ್ತುಮಾಡುವ ಆತುರಕ್ಕೆ ಅವಕಾಶ ಕಡಿಮೆಯಾಗಿದೆ.

ಚಿಕಿತ್ಸೆಯ ಎಲ್ಲ ಭಾಗಗಳೂ ಒಂದೇ ಊರಿನಲ್ಲಿ ನಡೆಯಬೇಕೆಂಬ ನಿಯಮವಿಲ್ಲವೆಂಬುದನ್ನೂ ನಾವು ತಡವಾಗಿ ತಿಳಿದೆವು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನಗಳಂತೆ ಮೂರು ವಾರ, ಕೆಲವರಿಗೆ ಐದು ವಾರ ಅಥವಾ ಇನ್ನೂ ಹೆಚ್ಚು. ಅದಕ್ಕಾಗಿ ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಮುಜುಗರದಿಂದ ಕಾಲ ಕಳೆಯುವುದಕ್ಕಿಂತ ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸುವುದು ಹೆಚ್ಚಿನವರಿಗೆ ಅನುಕೂಲ. ಅಕ್ಕನಿಗೆ ಕೀಮೋಥೆರಪಿಯೂ ವಿಕಿರಣವೂ ಆದದ್ದು ಊರ ಸಮೀಪದಲ್ಲೇ. ಇದಕ್ಕಾಗಿ ಮುಂಬಯಿಯಿಂದ ಹೊರಡುವ ಮೊದಲೇ ಶಸ್ತ್ರಚಿಕಿತ್ಸೆಯ ವಿವರಗಳ ಟಿಪ್ಪಣಿ, ವರದಿ, ಗಾಜಿನ ಸ್ಲೈಡುಗಳು ಹಾಗೂ ಮೇಣದ ಬ್ಲಾಕುಗಳು, ಸ್ಕ್ಯಾನಿನ ಪ್ರತಿಗಳು ಇಷ್ಟನ್ನೂ ಕೇಳಿ ಪಡೆಯಬೇಕು. ಬ್ಲಾಕುಗಳನ್ನು ನಾವು ಆಮೇಲೆ ಪತ್ರ ಬರೆದು, ಅಧಿಕಾರ ಪತ್ರ ಕಳುಹಿಸಿ ತರಿಸಬೇಕಾಯಿತು. ಮೂಲ ದಾಖಲೆಗಳಿಲ್ಲದೆ ಸಾಲ ಮಂಜೂರು ಮಾಡದ ನಾನು ಅಕ್ಕನನ್ನು ದಾಖಲೆಗಳಿಲ್ಲದೆ ಊರಿಗೆ ಕಳುಹಿಸಿದ್ದೆ.

ಇನ್ನು ಪ್ರಯಾಣದಲ್ಲಿ ಗಮನಿಸಬೇಕಾದ ಕೆಲವು ಸಂಗತಿಗಳು. ನಾಲ್ಕು ತಾಸಿಗೂ ಮೀರಿ ಒಂದೇ ಭಂಗಿಯಲ್ಲಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಯಾರಿಗಾದರೂ ಉಂಟು. ಕ್ಯಾನ್ಸರ್ ಇದ್ದವರಿಗೆ, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರಿಗೆ, ಟ್ಯಾಮಾಕ್ಸಿಫೆನ್ ಮಾತ್ರೆ ಸೇವಿಸುವವರಿಗೆ ಅದು ಹೆಚ್ಚು. ಗಂಟೆಗೊಮ್ಮೆ ಎದ್ದು ನಡೆದಾಡಬೇಕು, ಪಾದಗಳನ್ನು ಆಡಿಸುತ್ತಿರಬೇಕು. ಶೌಚಾಲಯಕ್ಕೆ ಹೋಗುವ ಕಷ್ಟಕ್ಕೆ ಹೆದರಿ ನಮ್ಮ ಹೆಂಗಸರು ನೀರನ್ನೇ ಕುಡಿಯದೆ ಇರುತ್ತಾರೆ. ಅದು ಕೂಡದು. ಒಂದೇ ಕಾಲು ಊದಿ ನೋವಾದರೆ, ಇಲ್ಲವೆ ಎದೆನೋವು, ಉಸಿರಾಟದ ತೊಂದರೆ ಕಂಡರೆ ಮುಂದಿನ ನಿಲ್ದಾಣದಲ್ಲೇ ಇಳಿದು ವೈದ್ಯರನ್ನು ಕಾಣತಕ್ಕದ್ದು. ನಲವತ್ತೈದು ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತು ಕೊಡುವ ವ್ಯವಸ್ಥೆ ರೈಲ್ವೆಯಲ್ಲಿದೆ. ಕುಳಿತಾಗ ಶಸ್ತ್ರಚಿಕಿತ್ಸೆಯಾದ ಬದಿ ಓಡಾಟದ ದಾರಿಯ ಕಡೆಗಿರದೆ ಕಿಟಕಿಯ ಕಡೆಗಿದ್ದರೆ ಹೋಗಿಬರುವವರ ಪೆಟ್ಟಿಗೆ ತಗಲುವ ಭಯವಿಲ್ಲ. ಕಾರಿನಲ್ಲಾದರೆ ಪಟ್ಟಿಯ ಕೆಳಗೆ ಚಿಕ್ಕ ದಿಂಬೊಂದನ್ನು ಇಟ್ಟುಕೊಳ್ಳಬೇಕು. ಪಟ್ಟಿಯನ್ನೇ ಕಟ್ಟದಿರುವುದು ಸರಿಯಲ್ಲ. ಆ ಬದಿಯ ಕೈಯಿಂದ ಕೆಲವು ವಾರ ಭಾರ ಎತ್ತಬಾರದು. ಹಾಗೆಂದು ಕೈಯನ್ನು ಅಲ್ಲಾಡಿಸದೆ ಎದೆಗೆ ಕಟ್ಟಿಕೊಂಡಂತೆ ಇರುವುದೂ ತಪ್ಪೇ. ಹೇಳಿಕೊಟ್ಟ ವ್ಯಾಯಾಮವನ್ನು ಪ್ರಯಾಣದ ದಿನವೂ ಬಿಡಬಾರದು, ಹೆಗಲು ಬಿಗಿದುಕೊಳ್ಳುತ್ತದೆ.

ವಿಮಾನದ ಬಗೆಗೆ ನಮ್ಮವರಲ್ಲಿ ವಿಚಿತ್ರವಾದ ಭಯವಿದೆ. ಮೇಲೆ ಹಾರಿದರೆ ಕೈ ಊದಿಕೊಳ್ಳುತ್ತದೆಂದು ಅಕ್ಕನಿಗೆ ಯಾರೋ ಹೇಳಿದ್ದರು. ಇತ್ತೀಚಿನ ಅಧ್ಯಯನಗಳು ಈ ಭಯವನ್ನು ಸಮರ್ಥಿಸುವುದಿಲ್ಲ. ಈಗಾಗಲೇ ಕೈ ಊತವಿರುವವರು ವೈದ್ಯರನ್ನು ಕೇಳಿ ಒತ್ತುತೋಳು ಧರಿಸಿದರಾಯಿತು. ಮುಂಬಯಿಯಿಂದ ಮಂಗಳೂರಿಗೆ ಒಂದೂವರೆ ತಾಸಿನಷ್ಟು ಹಾರಾಟ, ಅಲ್ಲಿಂದ ಕುಂದಾಪುರಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್ ರಸ್ತೆ. ಹೊಸದಾಗಿ ಶಸ್ತ್ರಚಿಕಿತ್ಸೆಯಾದವರಿಂದ ವಿಮಾನ ಕಂಪನಿಯವರು ವೈದ್ಯರ ಪತ್ರ ಕೇಳಬಹುದಾದುದರಿಂದ ಅದನ್ನು ಮೊದಲೇ ಪಡೆದಿರಬೇಕು. ಹಣವಿದ್ದವರಿಗೆ ಇದೇ ಮೇಲು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ರಾತ್ರಿಯ ಖಾಸಗಿ ಬಸ್ಸು ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಗಾಡಿಗಳು ಬೇರೆ ವೇಳಾಪಟ್ಟಿಯಂತೆ ನಿಧಾನವಾಗಿ ಓಡುತ್ತವೆ, ಗುಡ್ಡ ಜರಿದು ನಿಂತುಬಿಡುವುದೂ ಉಂಟು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರಯಾಣ ಮಾಡಬೇಕಾದವರು ಒಂದು ದಿನದ ಔಷಧಿ ಹಾಗೂ ಡ್ರೆಸ್ಸಿಂಗ್ ಸಾಮಗ್ರಿಯನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಲಿ.

ಕೀಮೋಥೆರಪಿಯ ನಡುವೆ ಪ್ರಯಾಣ ಅನಿವಾರ್ಯವಾದರೆ ದಿನ ನೋಡಿಯೇ ಹೊರಡಬೇಕು. ಇದು ಪಂಚಾಂಗದ ದಿನವಲ್ಲ. ಮೂರು ವಾರಕ್ಕೊಮ್ಮೆ ಔಷಧಿ ಕೊಡುವ ಕ್ರಮದಲ್ಲಿ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣಗಳು ಅತಿ ಕಡಿಮೆಯಿರುತ್ತವೆ. ಆಗ ಜನದಟ್ಟಣೆಯ ಗಾಡಿಯಲ್ಲಿ ಹೋಗುವುದು ಅಪಾಯಕರ. ಮೂರನೆಯ ವಾರವೇ ಲೇಸು. ಯಾವ ದಿನವಾದರೂ ಮೈ 100.4 ಡಿಗ್ರಿ ದಾಟಿ ಕಾದರೆ ಊರು ಮುಟ್ಟಿದ ಮೇಲೆ ನೋಡೋಣವೆನ್ನದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

"ಇನ್ನೊಂದು ವಾರ ಇರಿ" ಎಂದು ಹೇಳುವುದು ಸುಲಭ, ಎಲ್ಲಿ ಇರಬೇಕು ಎಂಬ ಪ್ರಶ್ನೆ ಬರುತ್ತದೆ. ಸಂಬಂಧಿಕರಿಲ್ಲದವರ ಪಾಡು ಪರೇಲಿನ ಕಾಲುದಾರಿಗಳನ್ನು ಕಂಡವರಿಗೆ ಗೊತ್ತು. ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲಕರ್ ಸ್ಮೃತಿ ಸಮಿತಿ ಮುಂತಾದವು ಎಷ್ಟೋ ಜನರಿಗೆ ಆಸರೆಯಾಗಿವೆ, ಆದರೆ ಅಲ್ಲಿಯೂ ಸ್ಥಳಕ್ಕೆ ಸರದಿಯುಂಟು. ಈ ಸಂದರ್ಭದಲ್ಲಿ ನಮ್ಮ ಸಂಘದ ಮುಂದೆ ಎರಡು ಸಲಹೆಗಳನ್ನು ಇಡುತ್ತೇನೆ. ವಾರ್ಷಿಕೋತ್ಸವದ ನಾಟಕಕ್ಕೂ ಊಟಕ್ಕೂ ವೆಚ್ಚವಾಗುವ ಮೊತ್ತದ ಒಂದು ಅಲ್ಪ ಭಾಗವನ್ನು ತೆಗೆದಿರಿಸಿ ರದ್ದಾದ ಟಿಕೇಟುಗಳ ನಿಧಿಯೊಂದನ್ನು ಸ್ಥಾಪಿಸಬೇಕು. ಚಿಕಿತ್ಸೆಗೆ ಬಂದ ಕನ್ನಡಿಗ ಕುಟುಂಬ ವೈದ್ಯರ ಮಾತಿನಂತೆ ಪ್ರಯಾಣ ಮುಂದೂಡಿದರೆ ಆ ನಷ್ಟವನ್ನೂ ಹೊಸ ಟಿಕೇಟಿನ ಹೆಚ್ಚಿನ ದರವನ್ನೂ ಸಂಘ ಭರಿಸಲಿ. ಮೊತ್ತ ದೊಡ್ಡದಾಗದೆಂದು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಎರಡನೆಯದಾಗಿ, ಊರಿಗೆ ಹೋಗಿಬರುವ ನಮ್ಮ ಮಹಿಳಾ ಸದಸ್ಯೆಯರಲ್ಲಿ ಇಂಥ ರೋಗಿಗಳಿಗೆ ಜೊತೆಯಾಗಲು ಒಪ್ಪುವವರ ಪಟ್ಟಿಯೊಂದನ್ನು ಮಹಿಳಾ ವಿಭಾಗದವರು ಇಟ್ಟುಕೊಳ್ಳಲಿ. ರಜೆಯಲ್ಲಿ ಹೇಗೂ ಊರಿಗೆ ಹೋಗುವವರು ಎದುರಿನ ಬರ್ತಿನಲ್ಲಿ ಕುಳಿತು ಹೋದರೆ ಸಾಕು. ನನ್ನ ಪತ್ನಿ ತನ್ನ ಹೆಸರನ್ನು ಆಗಲೇ ಕೊಟ್ಟಿದ್ದಾಳೆ.

ಅಕ್ಕ ಈಗ ಚೆನ್ನಾಗಿದ್ದಾಳೆ. ದಿನಕ್ಕೊಂದು ಹಾರ್ಮೋನಿನ ಮಾತ್ರೆ, ವರ್ಷಕ್ಕೊಮ್ಮೆ ತಪಾಸಣೆ. ಕಳೆದ ಸಲದ ತಪಾಸಣೆಗೆ ಟಿಕೇಟು ತೆಗೆಸಲೇ ಎಂದು ನಾನು ಫೋನು ಮಾಡಿದಾಗ, ಅದಾಗಲೇ ಆಗಿದೆಯೆಂದಳು. ತಾನೂ ಸೊಸೆಯೂ ಬರುವುದಾಗಿಯೂ, ಹೋಗುವ ದಿನವನ್ನು ಡಾಕ್ಟರನ್ನು ಕಂಡ ಮೇಲೆ ನೋಡುವುದಾಗಿಯೂ ತಿಳಿಸಿದಳು. "ಹಾಗಾದರೆ ನಾನೇನು ಮಾಡಲಿ?" ಎಂದೆ. "ನೀನು ಕುರ್ಲಾ ಸ್ಟೇಷನ್ನಿಗೆ ಬಾ, ಪೆಟ್ಟಿಗೆ ಹೊರುವುದಕ್ಕೆ ಒಬ್ಬ ಬೇಕು" ಎಂದಳು.